ಅರ್ಥವಾಗದ ಅರ್ಥಿಂಗ್

ಈಚೆಗೆ ನಮ್ಮ ಊರುಗಳಲ್ಲಿ ಜನ ಆಸೆಪಟ್ಟು ಓದುವ ಗದ್ಯ ಅಂತ ಒಂದಿದ್ದರೆ ಅದು ಸೋಲಾರ್ ಕೊಟೇಶನ್. ನೆಂಟರು, ಗೆಳೆಯರು, ಗೆಳೆಯರ ಮಾವಂದಿರು ಎಲ್ಲ ವಾಟ್ಸಾಪಿನಲ್ಲಿ ಕಳಿಸಿ "ಸ್ವಲ್ಪ ನೋಡಿ ಹೇಳಿ" ಅಂತಾರೆ. ನೋಡಿ ನೋಡಿ ನನಗೆ ಇದೊಂದು ಸಾಹಿತ್ಯ ಪ್ರಕಾರವೇ ಅನ್ನಿಸತೊಡಗಿದೆ. ಪ್ರಕಾರ ಅಂದಮೇಲೆ ಅದಕ್ಕೊಂದು ವಿಮರ್ಶೆಯೂ ಬೇಕಲ್ಲ. ಯಾರೂ ಬರೆದ ಹಾಗೆ ಕಾಣಲಿಲ್ಲ, ಅದಕ್ಕೇ ನಾನೇ ಬರೆಯುತ್ತಿದ್ದೇನೆ.

ಈ ಪ್ರಕಾರಕ್ಕೆ ಸಿದ್ಧ ಚೌಕಟ್ಟಿದೆ. ಮೊದಲ ಪುಟದಲ್ಲಿ ಸೂರ್ಯ, ಹಸಿರು ಎಲೆ, ನಗುವ ಕುಟುಂಬ. ಎರಡನೇ ಪುಟದಲ್ಲಿ ನಾಯಕನ ಪ್ರವೇಶ: 540 ವ್ಯಾಟಿನ ಪ್ಯಾನಲ್, ಆರು ನಗ, ಕಂಪನಿಯ ಹೆಸರು ದಪ್ಪಕ್ಷರದಲ್ಲಿ, 25 ವರ್ಷದ ವಾರಂಟಿ. ಅದರ ಕೆಳಗೆ ನಾಯಕಿ: ಮೂರು ಕಿಲೋವ್ಯಾಟಿನ ಇನ್ವರ್ಟರ್, ವೈಫೈ ಸಹಿತ, ಮೊಬೈಲಿನಲ್ಲೇ ಯೂನಿಟ್ ನೋಡಬಹುದು. ಆಮೇಲೆ ಕಬ್ಬಿಣದ ಸ್ಟ್ರಕ್ಚರ್, ಸಬ್ಸಿಡಿ ಲೆಕ್ಕ, ಹಾಕಿದ ದುಡ್ಡು ಎಷ್ಟು ವರ್ಷಕ್ಕೆ ವಾಪಸ್ ಅನ್ನೋ ಪಟ್ಟಿ. ಇವೆಲ್ಲದರ ಸಂದಿಯಲ್ಲಿ ಸಣ್ಣಕ್ಷರದ ಒಂದು ಸಾಲು: "ಬಿಒಎಸ್ – 1 ಸೆಟ್." ಬಿಒಎಸ್ ಅಂದರೆ ಬ್ಯಾಲೆನ್ಸ್ ಆಫ್ ಸಿಸ್ಟಮ್. ಕನ್ನಡದಲ್ಲಿ ಹೇಳೋದಾದರೆ "ಇನ್ನುಳಿದದ್ದು". ಸ್ವಲ್ಪ ಉದಾರಿಗಳು "ಕೇಬಲ್, ಅರ್ಥಿಂಗ್ ಇತ್ಯಾದಿ – ಅಗತ್ಯಕ್ಕೆ ತಕ್ಕಂತೆ" ಅಂತ ಬರೀತಾರೆ.

ನನ್ನ ತಕರಾರು ಆ ಒಂದು ಸಾಲಿನ ಮೇಲೆ. ಪ್ಯಾನಲ್ ಕಳಪೆಯಾದರೆ ಯೂನಿಟ್ ಕಡಿಮೆ ಬರುತ್ತೆ. ಇನ್ವರ್ಟರ್ ಕೆಟ್ಟರೆ ಯೂನಿಟ್ಟೇ ಬರಲ್ಲ. ಎರಡೂ ದುಡ್ಡಿನ ನಷ್ಟ. ಜೀವಕ್ಕೆ ಕುತ್ತು ತರುವಂಥದ್ದು, ತಾರಸಿಗೆ ಬೆಂಕಿ ಹಚ್ಚುವಂಥದ್ದು ಬಹುಪಾಲು ಕೂತಿರೋದು ಈ "ಇನ್ನುಳಿದದ್ದ"ರಲ್ಲಿ: ತಂತಿ, ಕನೆಕ್ಟರ್, ಡಿಸಿ ಸ್ವಿಚ್ಚು, ಎಸ್‌ಪಿಡಿ, ಅರ್ಥಿಂಗ್. ವಿಚಿತ್ರ ಏನಂದ್ರೆ, ಇವು ಸರಿಯಿಲ್ಲದಿದ್ದರೂ ಮೀಟರ್ ಚೆನ್ನಾಗೇ ಓಡುತ್ತೆ. ಅರ್ಥಿಂಗ್ ಇಲ್ಲದ ಮನೆಗೂ, ಇರುವ ಮನೆಗೂ ಬಿಲ್ ಒಂದೇ ತರ ಇಳಿಯುತ್ತೆ. ಹಾಗಾಗಿ ಯೂನಿಟ್ ನೋಡಿ ಕೆಲಸ ಅಳೆಯುವ ನಮ್ಮ ಅಭ್ಯಾಸಕ್ಕೆ ಈ ತಪ್ಪು ಸಿಗೋದೇ ಇಲ್ಲ.

ಕೊಟೇಶನ್ ಬರೆಯುವವರನ್ನೇ ಬಯ್ದರೆ ಅನ್ಯಾಯ. ಪ್ರಧಾನಮಂತ್ರಿ ಸೂರ್ಯಘರ್ ಯೋಜನೆ 2024ರಲ್ಲಿ ಬಂದಾಗಿನಿಂದ ಕನ್ನಡದಲ್ಲಿ ಸೋಲಾರ್ ಬಗ್ಗೆ ಬಂದ ಬರಹಗಳನ್ನು ನೆನಪಿಸಿಕೊಳ್ಳಿ. ಒಂದು ಕಿಲೋವ್ಯಾಟಿಗೆ 30,000, ಎರಡಕ್ಕೆ 60,000, ಮೂರು ಮತ್ತು ಮೇಲ್ಪಟ್ಟು 78,000 ರೂಪಾಯಿ ಸಬ್ಸಿಡಿ ಅನ್ನೋದು ಈಗ ಮಗ್ಗಿಯ ಹಾಗೆ ಎಲ್ಲರಿಗೂ ಬಾಯಿಪಾಠ. ಅರ್ಜಿ ಹಾಕೋದು ಹೇಗೆ ಅಂತ ವಿಡಿಯೋಗಳಿವೆ. "ಇವರ ಮನೆಯ ಕರೆಂಟ್ ಬಿಲ್ ಸೊನ್ನೆ" ಅನ್ನೋ ಯಶೋಗಾಥೆಗಳು ವಾರಕ್ಕೊಂದು ಬರುತ್ತವೆ. ಆ ಮನೆಯ ಅರ್ಥ್ ಗುಂಡಿ ಎಷ್ಟು ಓಮ್ ಇದೆ ಅಂತ ಒಂದಾದರೂ ಬರಹ ಕೇಳಿದ್ದನ್ನು ನಾನು ಓದಿಲ್ಲ. ಕೇಳದ ಪ್ರಶ್ನೆಗೆ ಕೊಟೇಶನ್ನಿನಲ್ಲಿ ಉತ್ತರ ಎಲ್ಲಿಂದ ಬರಬೇಕು?

ಈ ಉದಾಸೀನಕ್ಕೆ ಒಂದು ಇತಿಹಾಸವಿದೆ ಅಂತ ನನ್ನ ಅನುಮಾನ. ನಮಗೆ ಸೋಲಾರ್ ಪರಿಚಯವಾಗಿದ್ದು ಬಹಳ ಸಾಧು ರೂಪದಲ್ಲಿ. ತಾರಸಿ ಮೇಲಿನ ಬಿಸಿನೀರಿನ ಟ್ಯಾಂಕು ಒಂದು. ಅದರಲ್ಲಿ ವಿದ್ಯುತ್ತೇ ಇಲ್ಲ. ಇನ್ನೊಂದು, 1995ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸೆಲ್ಕೋದಂಥ ಸಂಸ್ಥೆಗಳು ಕರೆಂಟ್ ಕಾಣದ ಹಳ್ಳಿಮನೆಗಳಿಗೆ ತಲುಪಿಸಿದ ದೀಪಗಳು. ಹೆಂಚಿನ ಮೇಲೊಂದು ಪುಟ್ಟ ಪ್ಯಾನಲ್, ಕೆಳಗೊಂದು ಬ್ಯಾಟರಿ, 12 ವೋಲ್ಟ್. ಆ ತಂತಿಯನ್ನು ಮಗು ಮುಟ್ಟಿದರೂ ಶಾಕ್ ಹೊಡೆಯುವುದಿಲ್ಲ. ಹರೀಶ್ ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಬಂದಾಗ ನಾವೆಲ್ಲ ಹೆಮ್ಮೆಪಟ್ಟದ್ದು ಇಂಥ ಸೋಲಾರನ್ನು ಕಂಡೇ. "ಸೋಲಾರ್ ಕರೆಂಟ್ ಏನೂ ಮಾಡಲ್ಲ ಬಿಡಿ" ಅನ್ನೋ ಮಾತು ಆ ಕಾಲದಲ್ಲಿ ನಿಜವೇ ಆಗಿತ್ತು.

ಮಾತು ಹಾಗೇ ಉಳಿಯಿತು, ಸೋಲಾರ್ ಬದಲಾಯಿತು. ಈಗಿನ 540 ವ್ಯಾಟಿನ ಒಂದು ಪ್ಯಾನಲ್ ಬಿಸಿಲಿಗೆ ಒಡ್ಡಿದ ಕ್ಷಣ ಸುಮಾರು 49 ವೋಲ್ಟ್ ಕೊಡುತ್ತೆ. ಮೂರು ಕಿಲೋವ್ಯಾಟಿನ ಮನೆಗೆ ಆರು ಪ್ಯಾನಲ್ಲನ್ನು ಒಂದರ ಬಾಲಕ್ಕೆ ಒಂದು ಕಟ್ಟಿದರೆ ಹತ್ತಿರಹತ್ತಿರ 300 ವೋಲ್ಟ್. ಐದು ಕಿಲೋವ್ಯಾಟಿಗೆ ಹತ್ತು ಕಟ್ಟಿದರೆ 490 ದಾಟುತ್ತೆ. ಚಳಿಗಾಲದ ಬೆಳಗ್ಗೆ ಇನ್ನೂ ಜಾಸ್ತಿ, ಯಾಕಂದ್ರೆ ಪ್ಯಾನಲ್ ತಣ್ಣಗಿದ್ದಷ್ಟೂ ವೋಲ್ಟೇಜ್ ಏರುತ್ತೆ. ನಮ್ಮ ಗೋಡೆಯ ಪ್ಲಗ್ಗಿನಲ್ಲಿರುವುದು 230. ಅಂದರೆ ತಾರಸಿಯ ಮೇಲೆ ಬಿಸಿಲಲ್ಲಿ ಬಿದ್ದಿರುವ ಆ ಕಪ್ಪು ತಂತಿ ಅಡುಗೆಮನೆಯ ಮಿಕ್ಸಿ ವೈರಿಗಿಂತ ಗಡಸು.

ಗಡಸುತನ ವೋಲ್ಟಿನದಷ್ಟೇ ಅಂದುಕೊಳ್ಳಬೇಡಿ, ಗುಣವೂ ಬೇರೆ. ಮನೆಯ ಕರೆಂಟಿಗೆ ಮೇನ್ ಸ್ವಿಚ್ ಇದೆ. ಸೂರ್ಯನಿಗೆ ಇಲ್ಲ. ಇನ್ವರ್ಟರ್ ಆಫ್ ಮಾಡಿದರೂ, ಬೀದಿಯ ಕರೆಂಟ್ ಹೋಗಿ ಅದು ತಾನಾಗೇ ನಿಂತರೂ, ಪ್ಯಾನಲ್ಲಿನಿಂದ ಅಲ್ಲೀತನಕ ಬರುವ ತಂತಿ ಹಗಲಿಡೀ ಜೀವಂತ. ಎರಡನೇದು, ಮನೆಯಲ್ಲಿ ಶಾರ್ಟ್ ಆದರೆ ನೂರಾರು ಆಂಪಿಯರ್ ನುಗ್ಗಿ ಎಂಸಿಬಿ ಕಣ್ಣುಮಿಟುಕಿಸುವುದರಲ್ಲಿ ಬೀಳುತ್ತೆ. ಪ್ಯಾನಲ್ ಹಾಗಲ್ಲ. ಕೆಲಸ ಮಾಡುವಾಗ 13 ಆಂಪಿಯರ್ ಕೊಡುವ ಪ್ಯಾನಲ್ ಪೂರ್ತಿ ಶಾರ್ಟ್ ಆದಾಗಲೂ ಕೊಡುವುದು 14ರ ಆಸುಪಾಸು. ಫ್ಯೂಸಿಗೆ ಏನೋ ಕೆಟ್ಟಿದೆ ಅಂತ ಗೊತ್ತೇ ಆಗಲ್ಲ. ಮೂರನೇದು ಕಿಡಿ. ಎಸಿ ವಿದ್ಯುತ್ತು ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬಂದು ಹೋಗುತ್ತೆ, ಹಾಗಾಗಿ ಸ್ವಿಚ್ ತೆಗೆದಾಗ ಹುಟ್ಟಿದ ಕಿಡಿ ಅಲ್ಲೇ ಆರುತ್ತೆ. ಡಿಸಿ ಎಂದೂ ಸೊನ್ನೆಗೆ ಬರಲ್ಲ. ತಂತಿ ಎಳೆದಷ್ಟೂ ಕಿಡಿ ಉದ್ದವಾಗಿ ಉರಿಯುತ್ತಾ ಹೋಗುತ್ತೆ, ಸಾವಿರಾರು ಡಿಗ್ರಿ ಶಾಖದಲ್ಲಿ. ವೆಲ್ಡಿಂಗ್ ನೋಡಿದ್ದೀರಲ್ಲ, ಅದೇ.

ಇಷ್ಟು ಗೊತ್ತಾದರೆ "ಬಿಒಎಸ್ – 1 ಸೆಟ್" ಒಳಗೆ ಏನೇನು ಅಡಗಿದೆ ಅಂತ ಬಿಡಿಸಬಹುದು. ಕೈಗೆ ಸಿಕ್ಕಿತು ಅಂತ ಡಿಸಿ ಪೆಟ್ಟಿಗೆಯಲ್ಲಿ ಮನೆಯ ಸಾಮಾನ್ಯ ಎಂಸಿಬಿ ಹಾಕಿದರೆ, ಅದು ಬಿದ್ದಾಗ ಒಳಗಿನ ಕಿಡಿ ಆರುವುದಿಲ್ಲ, ಪೆಟ್ಟಿಗೆಯೇ ಕರಗುತ್ತೆ. ಡಿಸಿ ಎಂಸಿಬಿಗಳಲ್ಲೂ ಕೆಲವಕ್ಕೆ ಪ್ಲಸ್ ಮೈನಸ್ ದಿಕ್ಕಿದೆ. ಉಲ್ಟಾ ಕಟ್ಟಿದರೆ ಕಿಡಿಯನ್ನು ಆರಿಸಬೇಕಾದ ಅಯಸ್ಕಾಂತ ಅದನ್ನು ತಪ್ಪು ಕಡೆಗೆ ತಳ್ಳುತ್ತೆ. ಪ್ಯಾನಲ್ಲುಗಳನ್ನು ಕೂಡಿಸುವ ಎಂಸಿ4 ಕನೆಕ್ಟರ್ ನೋಡಲು ಎಲ್ಲ ಕಂಪನಿಯದೂ ಒಂದೇ ತರ, ಒಂದಕ್ಕೊಂದು ಟಕ್ ಅಂತ ಕೂರುತ್ತೆ. ಕೂತ ಮಾತ್ರಕ್ಕೆ ಒಳಗಿನ ಲೋಹ ಸರಿಯಾಗಿ ತಾಗಿದೆ ಅಂತ ಅರ್ಥವಲ್ಲ. ಎರಡು ಕಂಪನಿಯ ಗಂಡು ಹೆಣ್ಣು ಕನೆಕ್ಟರುಗಳನ್ನು ಕೂಡಿಸಬಾರದು, ಒಂದೇ ತಯಾರಕರ ಒಂದೇ ಮಾದರಿ ಇರಬೇಕು ಅಂತ ಅಂತರರಾಷ್ಟ್ರೀಯ ಮಾನಕದಲ್ಲೇ ಇದೆ. ಅದರ ಪಿನ್ನನ್ನು ಕ್ರಿಂಪ್ ಮಾಡಲು ತಕ್ಕ ಇಕ್ಕಳ ಬೇಕು. ಕಟಿಂಗ್ ಪ್ಲೇಯರಿನಲ್ಲಿ ಹಿಸುಕಿದ ಪಿನ್ನು ಮೊದಲ ವರ್ಷ ಚೆನ್ನಾಗಿರುತ್ತೆ, ಆಮೇಲೆ ಸಡಿಲಾಗಿ ಬಿಸಿಯಾಗುತ್ತೆ. ಇನ್ನು ತಂತಿ. ಮನೆಯೊಳಗಿನ ಮಾಮೂಲಿ ವೈರಿನ ಪ್ಲಾಸ್ಟಿಕ್ಕು ಬಿಸಿಲಿಗೆ ಸಿಡಿದು ಬಿರಿಯುತ್ತೆ. ಎರಡು ಪದರದ ಸೋಲಾರ್ ಡಿಸಿ ಕೇಬಲ್ಲೇ ಬೇಕು. ಅದನ್ನೂ ಅಗ್ಗದ ಪ್ಲಾಸ್ಟಿಕ್ ಟ್ಯಾಗಿನಲ್ಲಿ ಕಟ್ಟಿದರೆ ಎರಡು ಮೂರು ಬೇಸಿಗೆಗೆ ಟ್ಯಾಗ್ ಮುರಿದು ಕೇಬಲ್ ತಾರಸಿಯ ನೀರಿಗೆ ಬೀಳುತ್ತೆ, ಅಥವಾ ಗಾಳಿಗೆ ಅಲ್ಲಾಡಿ ಶೀಟಿನ ಅಂಚಿಗೆ ಉಜ್ಜುತ್ತೆ. ಅಳಿಲು, ಇಲಿಗಳ ಪಾಲು ಬೇರೆ.

ಇನ್ನು ಅರ್ಥಿಂಗ್. ಕನ್ನಡದಲ್ಲಿ ಈ ಪದದೊಳಗೇ "ಅರ್ಥ" ಇದೆ, ಆದರೆ ಅದರಷ್ಟು ಅರ್ಥವಾಗದೆ ಬಳಕೆಯಾಗುವ ಪದ ಇನ್ನೊಂದಿಲ್ಲ. ಬಹಳ ಜನಕ್ಕೆ ಅದೊಂದು ಶಾಸ್ತ್ರ. ಗುಂಡಿ ತೋಡಬೇಕು, ಇದ್ದಿಲು ಉಪ್ಪು ಸುರಿಯಬೇಕು, ಹಸಿರು ತಂತಿ ಇಳಿಬಿಡಬೇಕು, ಫೋಟೋ ತೆಗೆದು ಪೋರ್ಟಲಿಗೆ ಹಾಕಬೇಕು. ಆಯಿತು, ಮುಹೂರ್ತ ಮುಗಿಯಿತು.

ಅರ್ಥಿಂಗಿನ ಕೆಲಸ ಸರಳ. ಎಲ್ಲೋ ಒಂದು ಜೀವಂತ ತಂತಿಯ ಮೈ ಸುಲಿದು ಪ್ಯಾನಲ್ಲಿನ ಚೌಕಟ್ಟಿಗೆ ತಾಗಿದರೆ, ಆ ಚೌಕಟ್ಟು ಮುಟ್ಟಿದವರ ಮೂಲಕ ಹರಿಯುವ ಬದಲು ವಿದ್ಯುತ್ತಿಗೆ ಇನ್ನೂ ಸುಲಭದ ದಾರಿ ಇರಬೇಕು, ಮತ್ತು ಹಾಗೆ ಹರಿದದ್ದು ಯಾವುದೋ ಒಂದು ಸಾಧನದ ಗಮನಕ್ಕೆ ಬಂದು ಅದು ಕೆಲಸ ನಿಲ್ಲಿಸಬೇಕು. ಈ ಎರಡರಲ್ಲಿ ಒಂದು ತಪ್ಪಿದರೂ ಗುಂಡಿ ವ್ಯರ್ಥ.

ಮೊದಲ ಎಡವಟ್ಟು ಮೇಲೆ, ಪ್ಯಾನಲ್ಲಿನ ಹತ್ತಿರವೇ ಆಗುತ್ತೆ. ಪ್ಯಾನಲ್ ಚೌಕಟ್ಟು ಆನೊಡೈಸ್ ಮಾಡಿದ ಅಲ್ಯೂಮಿನಿಯಂ. ಆ ಬೆಳ್ಳಿ ಮೆರುಗು ವಿದ್ಯುತ್ತನ್ನು ಬಿಡದ ಒಂದು ಪದರ. ಕಬ್ಬಿಣದ ಸ್ಟ್ರಕ್ಚರಿಗೆ ಬೋಲ್ಟ್ ಬಿಗಿದ ಮಾತ್ರಕ್ಕೆ ಸಂಪರ್ಕ ಆಯಿತು ಅಂತ ಹೇಳಲಾಗದು. ಆ ಪದರವನ್ನು ಕಚ್ಚಿ ಒಳಗಿಳಿಯುವ ಹಲ್ಲಿನ ವಾಷರ್ ಬೇಕು, ಇಲ್ಲವೇ ಚೌಕಟ್ಟಿನಲ್ಲಿ ಅರ್ಥಿಂಗಿಗೆಂದೇ ಗುರುತು ಮಾಡಿರುವ ತೂತಿನಲ್ಲಿ ತವರ ಲೇಪದ ಲಗ್ ಹಾಕಿ ಸ್ಟೀಲ್ ಬೋಲ್ಟಿನಲ್ಲಿ ಬಿಗಿಯಬೇಕು. ಬರಿಯ ತಾಮ್ರದ ತಂತಿಯನ್ನು ಅಲ್ಯೂಮಿನಿಯಂಗೆ ನೇರ ಸುತ್ತಿದರೆ ಎರಡು ಲೋಹದ ಜಗಳದಲ್ಲಿ ಅಲ್ಯೂಮಿನಿಯಂ ಸವೆಯುತ್ತೆ. ಉಡುಪಿ, ಮಂಗಳೂರು, ಕಾರವಾರದ ಉಪ್ಪುಗಾಳಿಯಲ್ಲಿ ಇದು ಬಲು ಬೇಗ. ಇನ್ನೊಂದು ವಿಷಯ: ರಿಪೇರಿಗೆ ಅಂತ ನಡುವಿನ ಒಂದು ಪ್ಯಾನಲ್ ತೆಗೆದರೆ ಅದರಾಚೆಯ ಪ್ಯಾನಲ್ಲುಗಳ ಅರ್ಥ್ ಕಡಿದುಹೋಗಬಾರದು. ಸರಪಳಿ ಹಾಗೆ ಕಟ್ಟಿದ್ದಾರೋ ಇಲ್ಲವೋ ಅಂತ ಕೆಳಗೆ ನಿಂತವರಿಗೆ ಕಾಣೋದೇ ಇಲ್ಲ.

ಎರಡನೇ ಎಡವಟ್ಟು ಕೆಳಗೆ, ಗುಂಡಿಯ ಪರೀಕ್ಷೆಯಲ್ಲಿ. ನಮ್ಮಲ್ಲಿ ಬಲ್ಬ್ ಪರೀಕ್ಷೆ ಅಂತ ಒಂದಿದೆ. ಫೇಸಿಗೂ ಅರ್ಥಿಗೂ ನಡುವೆ ನೂರು ವ್ಯಾಟಿನ ಹಳೇ ಬಲ್ಬ್ ಹಚ್ಚೋದು, ಉರಿದರೆ "ಅರ್ಥ್ ಸೂಪರ್ ಇದೆ ಸಾರ್" ಅನ್ನೋದು. ಲೆಕ್ಕ ಹಾಕಿ ನೋಡಿ. ಉರಿಯುವಾಗ ಆ ಬಲ್ಬಿನ ರೆಸಿಸ್ಟೆನ್ಸ್ ಸುಮಾರು 529 ಓಮ್. ಗುಂಡಿ 50 ಓಮ್ ಇದ್ದರೂ, ಅಂದರೆ ಇರಬೇಕಾದ್ದಕ್ಕಿಂತ ಹತ್ತು ಪಟ್ಟು ಕೆಟ್ಟದಾಗಿದ್ದರೂ, ಬಲ್ಬಿಗೆ 210 ವೋಲ್ಟ್ ಸಿಗುತ್ತೆ, ಝಗಮಗ ಉರಿಯುತ್ತೆ. ಆ ಬಲ್ಬು ಹೇಳುವುದು ಮಣ್ಣಿಗೆ ಎಲ್ಲೋ ಒಂದು ಎಳೆ ತಾಗಿದೆ ಅಂತ ಮಾತ್ರ. ಜೊತೆಗೆ, ಪರೀಕ್ಷೆ ನಡೆಯುವಷ್ಟು ಹೊತ್ತು ಕೆಟ್ಟ ಗುಂಡಿಗೆ ಕಟ್ಟಿದ ಲೋಹಕ್ಕೆಲ್ಲ ವೋಲ್ಟೇಜ್ ಏರುತ್ತೆ. ಸರಿಯಾದ ದಾರಿ ಅರ್ಥ್ ಟೆಸ್ಟರ್, ನೆಲಕ್ಕೆ ಎರಡು ಗೂಟ ಹೊಡೆದು ಅಳೆಯುವುದು. ಅದೂ ಯಾವಾಗ? ಜುಲೈ ಮಳೆಯಲ್ಲಿ ಅಳೆದರೆ ಎಂಥ ಗುಂಡಿಯೂ ಪಾಸು. ಕೋಲಾರದ ಬಂಡೆ ನೆಲದಲ್ಲಿ, ಕರಾವಳಿಯ ಮುರಕಲ್ಲಿನಲ್ಲಿ ಏಪ್ರಿಲ್ ತಿಂಗಳಿನ ಅಳತೆ ಬೇರೆಯೇ ಕಥೆ ಹೇಳುತ್ತೆ.

ಇಷ್ಟಾಗಿ 5 ಓಮ್ ಬಂತು ಅಂತಿಟ್ಟುಕೊಳ್ಳಿ. ಕಾಗದದಲ್ಲಿ ಬರೆಯಲು ಅದು ಚಂದದ ಅಂಕಿ. ಇನ್ವರ್ಟರಿನ ಎಸಿ ಕಡೆ ಫೇಸ್ ತಂತಿ ಮೈಗೆ ತಾಗಿತು ಅಂದರೆ, 230 ವೋಲ್ಟನ್ನು 5 ಓಮಿನಿಂದ ಭಾಗಿಸಿ: 46 ಆಂಪಿಯರ್. ಟ್ರಾನ್ಸ್‌ಫಾರ್ಮರ್ ಕಡೆಯ ಗುಂಡಿಯನ್ನೂ ಸೇರಿಸಿದರೆ ಇನ್ನೂ ಕಡಿಮೆ. 32 ಆಂಪಿಯರಿನ ಎಂಸಿಬಿ 46 ಆಂಪಿಯರಿಗೆ ಬೀಳಲು ಒಂದು ಗಂಟೆಯವರೆಗೂ ಸಮಯ ತೆಗೆದುಕೊಂಡರೆ ಅದು ಮಾನಕದ ಪ್ರಕಾರ ತಪ್ಪೇ ಅಲ್ಲ. ಅಷ್ಟು ಹೊತ್ತು ಇನ್ವರ್ಟರಿನ ಮೈ, ಅದಕ್ಕೆ ಹಸಿರು ತಂತಿಯಲ್ಲಿ ಸೇರಿಸಿದ ಸ್ಟ್ರಕ್ಚರು, ಆರೂ ಪ್ಯಾನಲ್ಲಿನ ಚೌಕಟ್ಟು ಎಲ್ಲ ಜೀವಂತ. ಬಟ್ಟೆ ಒಣಹಾಕಲು ಸ್ಟ್ರಕ್ಚರಿಗೇ ಹಗ್ಗ, ತಂತಿ ಕಟ್ಟುವ ಮನೆಗಳು ಎಷ್ಟಿಲ್ಲ! ಕೆಟ್ಟ ಅರ್ಥಿಂಗ್ ಅಪಾಯವನ್ನು ಮಣ್ಣಿಗೆ ಒಯ್ಯುವ ಬದಲು ತಾರಸಿ ತುಂಬಾ ಹಂಚಿಬಿಡುತ್ತೆ. ಅದಕ್ಕೇ ಗುಂಡಿಯ ಜೊತೆಗೆ ಆರ್‌ಸಿಸಿಬಿ ಬೇಕೇಬೇಕು, ಇನ್ವರ್ಟರಿನ ಕೈಪಿಡಿ ಯಾವ ಬಗೆಯದು ಹೇಳುತ್ತದೋ ಅದೇ. ಅದು ಮಳೆ ಬೆಳಗ್ಗೆ ಪದೇಪದೇ ಬೀಳುತ್ತೆ ಅಂತ ತೆಗೆದು ನೇರ ತಂತಿ ಕೊಟ್ಟುಬಿಡುವ ಉಪಾಯ ಮಾತ್ರ ಬೇಡ.

ಅದಕ್ಕಿಂತ ಕೆಟ್ಟ ಉಪಾಯ ಇನ್ನೊಂದಿದೆ: ಗುಂಡಿಯೇ ತೋಡದೆ ಅರ್ಥ್ ತಂತಿಯನ್ನು ನ್ಯೂಟ್ರಲ್ಲಿಗೆ ಕಟ್ಟೋದು. ಬಲ್ಬ್ ಪರೀಕ್ಷೆಯಲ್ಲಿ ಇದಕ್ಕೆ ನೂರಕ್ಕೆ ನೂರು ಅಂಕ. ಆದರೆ ಕಂಬದಿಂದ ಬರುವ ನ್ಯೂಟ್ರಲ್ ಎಲ್ಲಾದರೂ ಕಡಿದ ದಿನ, ಮನೆಯಲ್ಲಿ ಒಂದು ಫ್ಯಾನ್ ಹಾಕಿದರೂ ಸಾಕು, ಫೇಸಿನ ವೋಲ್ಟೇಜ್ ಅದರ ಮೂಲಕ ಹಾದು ತಾರಸಿಯ ಅಷ್ಟೂ ಲೋಹಕ್ಕೆ ಬಂದು ಕೂರುತ್ತೆ.

ಮೂರನೇ ಎಡವಟ್ಟು ಸಿಡಿಲಿನದ್ದು. ಸಿಡಿಲುಕಂಬಿಗೊಂದು, ಡಿಸಿಗೊಂದು, ಎಸಿಗೊಂದು ಹೀಗೆ ಮೂರು ಗುಂಡಿ ಬೇಕು ಅನ್ನೋದು ಈಗ ಎಲ್ಲರಿಗೂ ಗೊತ್ತು. ಮೂರೂ ಬೇರೆಬೇರೆ ಇರಬೇಕು ಅಂತ ಪಟ್ಟುಹಿಡಿಯುವವರೂ ಇದ್ದಾರೆ. ಸಿಡಿಲುಕಂಬಿಯ ಪಟ್ಟಿ ಪ್ಯಾನಲ್ ಚೌಕಟ್ಟಿನ ಮೇಲೆ ಹಾಯದೆ ನೇರವಾಗಿ ತನ್ನ ಗುಂಡಿಗೆ ಇಳಿಯಬೇಕು, ಅದು ಸರಿ. ಆದರೆ ನೆಲದೊಳಗೆ ಆ ಮೂರೂ ಗುಂಡಿಗಳನ್ನು ಒಂದಕ್ಕೊಂದು ಜೋಡಿಸಬೇಕು, ಇದು ಬಹಳ ಕಡೆ ಬಿಟ್ಟುಹೋಗುತ್ತೆ. ಸಾಧಾರಣ ಸಿಡಿಲಿನಲ್ಲಿ 30,000 ಆಂಪಿಯರ್ ಹರಿಯಬಹುದು. 5 ಓಮಿನ ಗುಂಡಿಯಲ್ಲಿ ಅದು ಎಬ್ಬಿಸುವ ವೋಲ್ಟೇಜ್ ಒಂದೂವರೆ ಲಕ್ಷ. ಪಕ್ಕದ ಗುಂಡಿ ಅದಕ್ಕೆ ಜೋಡಿಯಾಗಿರದಿದ್ದರೆ ಆ ವ್ಯತ್ಯಾಸ ಇನ್ವರ್ಟರಿನ ಮೂಲಕವೇ ಜಿಗಿಯಲು ನೋಡುತ್ತೆ. ಎಲ್ಲವೂ ಒಟ್ಟಿಗೆ ಏರಿ ಒಟ್ಟಿಗೆ ಇಳಿದರೆ ನಡುವೆ ಇರುವವರು ಬದುಕುತ್ತಾರೆ. ಇದೇ ತರ ಪ್ಲಸ್ ತಂತಿ ತಾರಸಿಯ ಒಂದು ಅಂಚಿನಲ್ಲಿ, ಮೈನಸ್ ಇನ್ನೊಂದು ಅಂಚಿನಲ್ಲಿ ಬಂದರೆ ಅವೆರಡರ ನಡುವಿನ ದೊಡ್ಡ ಉಂಗುರ ದೂರದ ಸಿಡಿಲನ್ನೂ ಹಿಡಿಯುವ ಬಲೆಯಾಗುತ್ತೆ. ಎರಡೂ ಜೊತೆಜೊತೆಗೇ ಓಡಬೇಕು. ಏಪ್ರಿಲ್ ಮೇ ತಿಂಗಳಿನ ಗುಡುಗುಮಳೆ ಕಂಡ ನಮಗೆ ಇದನ್ನು ಯಾರೂ ಹೆದರಿಸಿ ಹೇಳಬೇಕಿಲ್ಲ.

ಇಷ್ಟೆಲ್ಲ ಬರೀ ಪುಸ್ತಕದ ಭಯವೋ ಅಂತ ಕೇಳುವವರಿಗೆ ಅಮೆರಿಕದ ಒಂದು ಉದಾಹರಣೆ. 2009ರ ಏಪ್ರಿಲ್ 5ರಂದು ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡಿನಲ್ಲಿ ಒಂದು ದೊಡ್ಡ ಅಂಗಡಿಯ ತಾರಸಿಯ ಸೋಲಾರಿಗೆ ಬೆಂಕಿ ಬಿತ್ತು. ಆಮೇಲೆ ತನಿಖೆಯಲ್ಲಿ ಕಂಡದ್ದು ಒಂದಲ್ಲ, ಎರಡು ದೋಷ. ಮೊದಲನೆಯದು ಒಂದು ಸಣ್ಣ ತಂತಿಯ ಮೈ ಸುಲಿದು ಲೋಹಕ್ಕೆ ತಾಗಿದ್ದು. ಅದು ಆಗಲೇ ಅರ್ಥ್ ಆಗಿದ್ದ ಕಡೆಯ ತಂತಿಯಾದ್ದರಿಂದ ಅಲ್ಲಿ ಹರಿದದ್ದು ಸ್ವಲ್ಪವೇ. ಕಾವಲಿಗಿದ್ದ ಫ್ಯೂಸಿಗೆ ಅದು ಕಾಣಲೇ ಇಲ್ಲ, ಯೂನಿಟ್ ಉತ್ಪಾದನೆ ನಡೆದೇ ಇತ್ತು. ಮುಂದೊಂದು ದಿನ ಒಂದು ದಪ್ಪ ಕೇಬಲ್ಲೂ ಲೋಹಕ್ಕೆ ತಾಗಿತು. ಆಗ ಇಡೀ ತಾರಸಿಯ ಕರೆಂಟಿಗೆ ಆ ಬಡಪಾಯಿ ಸಣ್ಣ ತಂತಿಯೇ ವಾಪಸ್ ಹೋಗುವ ದಾರಿಯಾಯಿತು. ಈ ಘಟನೆಯಾದ ಮೇಲೆ ಅಲ್ಲಿನ ಪರಿಣತರು ಕಾವಲು ಸಾಧನದ ಕುರುಡು ಮೂಲೆಯ ಬಗ್ಗೆ ಬಹಳ ಚರ್ಚಿಸಿದರು. ಅಲ್ಲಿನ ವಿದ್ಯುತ್ ಸಂಹಿತೆಯಲ್ಲಿ 2011ರ ಆವೃತ್ತಿಗೆ ಡಿಸಿ ಕಿಡಿ ಪತ್ತೆಮಾಡುವ ಸಾಧನ, 2014ಕ್ಕೆ ತಾರಸಿಯ ತಂತಿಗಳನ್ನು ತಕ್ಷಣ ತಣ್ಣಗಾಗಿಸುವ ವ್ಯವಸ್ಥೆ ಕಡ್ಡಾಯವಾದವು.

ನಮ್ಮ ಮನೆಗಳ ಈಗಿನ ಇನ್ವರ್ಟರುಗಳ ರೀತಿ ಬೇರೆ. ಅವುಗಳಲ್ಲಿ ಬಹುಪಾಲು ಟ್ರಾನ್ಸ್‌ಫಾರ್ಮರ್ ಇಲ್ಲದವು, ಪ್ಯಾನಲ್ಲಿನ ಪ್ಲಸ್ಸನ್ನಾಗಲಿ ಮೈನಸ್ಸನ್ನಾಗಲಿ ನೆಲಕ್ಕೆ ಕಟ್ಟುವಂತಿಲ್ಲ. ಚೌಕಟ್ಟನ್ನಷ್ಟೇ ಕಟ್ಟಬೇಕು. ಪ್ರತಿದಿನ ಬೆಳಗ್ಗೆ ಕೆಲಸ ಶುರುಮಾಡುವ ಮುಂಚೆ ಅವು ತಂತಿಗೂ ನೆಲಕ್ಕೂ ನಡುವೆ ಎಷ್ಟು ಬಿಗಿಯಾದ ಇನ್ಸುಲೇಶನ್ ಇದೆ ಅಂತ ತಾವೇ ಅಳೆದುಕೊಳ್ಳುತ್ತವೆ. ಆದರೆ ಬೇಕರ್ಸ್‌ಫೀಲ್ಡಿನ ಪಾಠ ಇಲ್ಲೂ ಸಲ್ಲುತ್ತೆ: ಮೊದಲ ದೋಷ ಮೆಲ್ಲಗೆ ಮಾತಾಡುತ್ತೆ. ಮಲೆನಾಡಿನ ಮಳೆಗಾಲದಲ್ಲಿ ಎಷ್ಟೋ ಇನ್ವರ್ಟರುಗಳು ಬೆಳಗ್ಗೆ "ಐಸೊಲೇಶನ್ ಫಾಲ್ಟ್" ಅಂತ ಕೆಂಪು ದೀಪ ತೋರಿಸಿ, ಹತ್ತು ಗಂಟೆ ಬಿಸಿಲಿಗೆ ತಾವೇ ಸರಿಯಾಗುತ್ತವೆ. ಫೋನ್ ಮಾಡಿದರೆ "ಮಳೆಗೆ ಹಂಗೇ ಸಾರ್, ಬಿಸಿಲು ಬಂದ್ರೆ ಹೋಗುತ್ತೆ" ಅನ್ನೋ ಸಮಾಧಾನ. ಬಿಸಿಲಿಗೆ ಹೋದದ್ದು ನೀರು, ತಂತಿಯ ಮೇಲಿನ ಗಾಯ ಅಲ್ಲೇ ಇರುತ್ತೆ. ಒದ್ದೆಯಾದಾಗ ಕಾಣುವ ಗಾಯವನ್ನು ಹುಡುಕಿ ತೆಗೆಯಬೇಕಾದ ಹೊತ್ತಲ್ಲಿ ಇನ್ವರ್ಟರಿನ ಸೆಟ್ಟಿಂಗನ್ನೇ ಸಡಿಲಿಸಿ ಬಾಯಿ ಮುಚ್ಚಿಸುವುದೂ ಉಂಟು. ಯೂನಿಟ್ ಬರುತ್ತೆ, ಗಿರಾಕಿ ಖುಷಿ.

ಕೆಲಸದ ಕ್ರಮದಲ್ಲೂ ಇದೇ ಅವಸರ ಕಾಣುತ್ತೆ. ಗಿರಾಕಿಗೆ ಪ್ಯಾನಲ್ ಕಾಣಬೇಕು, ಹಾಗಾಗಿ ಮೊದಲ ದಿನವೇ ಪ್ಯಾನಲ್ ಏರುತ್ತವೆ, ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಅರ್ಥ್ ಗುಂಡಿಯವರು ಮುಂದಿನ ವಾರ. ಆ ವಾರವಿಡೀ 300 ವೋಲ್ಟಿನ ಸರಪಳಿ ನೆಲದ ಆಸರೆಯಿಲ್ಲದೆ ತಾರಸಿಯ ಮೇಲೆ ಕೂತಿರುತ್ತೆ. ಇದು ತಿರುಗಬೇಕು: ಮೊದಲು ಭೂಮಿ, ಆಮೇಲೆ ಬಿಸಿಲು. ಗುಂಡಿ, ಪಟ್ಟಿ, ಸ್ಟ್ರಕ್ಚರಿನ ಜೋಡಣೆ ಮೊದಲು. ಆಮೇಲೆ ಇನ್ವರ್ಟರ್, ಡಿಸಿ ಸ್ವಿಚ್ ಆಫ್ ಇಟ್ಟು. ಪ್ಯಾನಲ್ ಕೂಡಿಸುವಾಗ ನಡುವಿನ ಒಂದು ಕನೆಕ್ಟರ್ ಕೊನೇವರೆಗೂ ಬಿಚ್ಚಿಯೇ ಇರಲಿ, ಆಗ ಯಾರ ಕೈಗೂ ಪೂರ್ತಿ ವೋಲ್ಟೇಜ್ ಸಿಗಲ್ಲ. ಬೇಕಾದರೆ ಪ್ಯಾನಲ್ ಮೇಲೆ ದಟ್ಟ ಟಾರ್ಪಾಲು ಹೊದಿಸಲಿ. ಪ್ಲಸ್ ಮೈನಸ್ ಅಳೆದು ನೋಡಿ, ಇನ್ಸುಲೇಶನ್ ಪರೀಕ್ಷಿಸಿ, ಕಟ್ಟಕಡೆಗೆ ಆ ಕನೆಕ್ಟರ್ ಸೇರಿಸಬೇಕು. ಬಿಚ್ಚುವಾಗ ಮೊದಲು ಇನ್ವರ್ಟರ್ ನಿಲ್ಲಿಸಿ, ಡಿಸಿ ಸ್ವಿಚ್ ತೆಗೆದು, ಕರೆಂಟ್ ಹರಿಯುತ್ತಿಲ್ಲ ಅಂತ ಕ್ಲ್ಯಾಂಪ್ ಮೀಟರಿನಲ್ಲಿ ನೋಡಿದ ಮೇಲಷ್ಟೇ ಕನೆಕ್ಟರಿಗೆ ಕೈ. ಹರಿಯುತ್ತಿರುವಾಗ ಎಳೆದರೆ ಮೇಲೆ ಹೇಳಿದ ವೆಲ್ಡಿಂಗ್ ನಿಮ್ಮ ಬೆರಳ ತುದಿಯಲ್ಲೇ ನಡೆಯುತ್ತೆ.

ಇದರಲ್ಲಿ ಮೊದಲು ಸುಡುವುದು ಗಿರಾಕಿಯ ಕೈಯಲ್ಲ, ತಾರಸಿ ಹತ್ತಿದ ಹುಡುಗನದು. ಸೂರ್ಯಮಿತ್ರ ಅನ್ನೋ ಸರ್ಕಾರಿ ತರಬೇತಿ 2015ರಿಂದಲೂ ಇದೆ, ಒಳ್ಳೆಯದೇ. ಆದರೆ ಸೀಸನ್ನಿನಲ್ಲಿ ಗುತ್ತಿಗೆಯವರು ಕರೆದುಕೊಂಡು ಬರುವ ಎಲ್ಲರೂ ಅದನ್ನು ಮುಗಿಸಿದವರಲ್ಲ. ಇನ್ವರ್ಟರಿನ ಕೈಪಿಡಿ ಇಂಗ್ಲಿಷಿನಲ್ಲಿ, ಎಚ್ಚರಿಕೆಯ ಚೀಟಿ ಇಂಗ್ಲಿಷಿನಲ್ಲಿ. "ಕರೆಂಟ್ ಹರಿಯುವಾಗ ಬಿಚ್ಚಬೇಡ" ಅನ್ನೋ ಮೂರು ಪದ ಕನ್ನಡದಲ್ಲಿ ಅಚ್ಚುಹಾಕಲು ಯಾರಿಗೆ ಎಷ್ಟು ಖರ್ಚಾಗುತ್ತೆ?

ಗುತ್ತಿಗೆಯವರಿಗೂ ಅವರದೇ ಸಂಕಟ ಇದೆ. "ಅರ್ಥಿಂಗಿಗೆ ಅಂತ ಬೇರೆ ಸಾಲು ಬರೆದ್ರೆ ರೇಟು ಜಾಸ್ತಿ ಕಾಣುತ್ತೆ ಸಾರ್, ಗಿರಾಕಿ ಪಕ್ಕದವನ ಹತ್ರ ಹೋಗ್ತಾರೆ" ಅಂತ ಒಬ್ಬರು ನನಗೆ ನೇರವಾಗೇ ಹೇಳಿದ್ದಾರೆ. ಅದು ಸುಳ್ಳಲ್ಲ. ಪ್ಯಾನಲ್ ಕಂಪನಿಯ ಹೆಸರಿಗೆ ಹತ್ತು ಸಾವಿರ ಹೆಚ್ಚು ಕೊಡುವ ನಾವು ಗುಂಡಿಗೆ ಎರಡು ಸಾವಿರ ಹೆಚ್ಚಾದರೆ ಚೌಕಾಸಿಗೆ ಕೂರುತ್ತೇವೆ. ಅವರು ನಮ್ಮ ಚೌಕಾಸಿಯನ್ನು "1 ಸೆಟ್" ಅನ್ನೋ ಎರಡು ಪದದಲ್ಲಿ ಮುಚ್ಚಿ ವಾಪಸ್ ಕೊಡುತ್ತಾರೆ.

ವಿಮರ್ಶಕ ಬರೀ ಕೊಂಕು ತೆಗೆದು ಏಳಬಾರದು ಅಂತಾರೆ. ಹಾಗಾಗಿ ಆ ಕೊನೇ ಸಾಲನ್ನು ನಾನೇ ಬಿಡಿಸಿ ಬರೆದಿದ್ದೇನೆ. ಕೊಟೇಶನ್ ಕಳಿಸಿದವರಿಗೆಲ್ಲ ಈಗ ಇದನ್ನೇ ವಾಪಸ್ ಕಳಿಸುತ್ತೇನೆ:

ಡಿಸಿ ಕೇಬಲ್ – ಸೋಲಾರ್ ದರ್ಜೆಯದು, ಯಾವ ಕಂಪನಿ, ಎಷ್ಟು ಚದರ ಮಿಲಿಮೀಟರ್, ತಾರಸಿಗೆ ತಾಗದಂತೆ ಯಾವುದರಲ್ಲಿ ಕಟ್ಟುತ್ತೀರಿ.

ಕನೆಕ್ಟರ್ – ಪ್ಯಾನಲ್ಲಿನಲ್ಲಿ ಬಂದದ್ದು ಯಾವ ತಯಾರಕರದೋ ನೀವು ಹಾಕುವುದೂ ಅವರದೇ, ಕ್ರಿಂಪಿಂಗ್ ಇಕ್ಕಳ ನಿಮ್ಮ ಹತ್ತಿರ ಇದೆ ತಾನೆ.

ಡಿಸಿ ಸ್ವಿಚ್, ಎಂಸಿಬಿ, ಎಸ್‌ಪಿಡಿ – ಡಿಸಿಗೆಂದೇ ಮಾಡಿದ್ದು, ನಮ್ಮ ಸರಪಳಿಯ ಚಳಿಗಾಲದ ವೋಲ್ಟೇಜಿಗೂ ಸಾಲುವಂಥದ್ದು. ಎಸ್‌ಪಿಡಿಯ ಅರ್ಥ್ ತಂತಿ ಸುರುಳಿ ಸುತ್ತದೆ ಮೊಳಕ್ಕಿಂತ ಉದ್ದವಾಗದಂತೆ.

ಎಸಿ ಕಡೆ – ಇನ್ವರ್ಟರ್ ಕೈಪಿಡಿ ಹೇಳುವ ಬಗೆಯ ಆರ್‌ಸಿಸಿಬಿ.

ಅರ್ಥಿಂಗ್ – ಗುಂಡಿ ಎಷ್ಟು, ಎಲ್ಲಿ, ನೆಲದೊಳಗೆ ಜೋಡಣೆ ಹೇಗೆ, ಪ್ರತಿ ಪ್ಯಾನಲ್ ಚೌಕಟ್ಟಿಗೆ ಸಂಪರ್ಕ ಹೇಗೆ.

ಪರೀಕ್ಷೆ – ಪ್ರತಿ ಸರಪಳಿಯ ವೋಲ್ಟೇಜ್, ಇನ್ಸುಲೇಶನ್ ಮೆಗಾಓಮಿನಲ್ಲಿ, ಚೌಕಟ್ಟಿನಿಂದ ಗುಂಡಿವರೆಗಿನ ಸಂಪರ್ಕ, ಗುಂಡಿಯ ಓಮ್. ಅಳೆದವರ ಸಹಿ, ಅಳೆದ ತಾರೀಕು. ಮುಂದಿನ ಬೇಸಿಗೆಯಲ್ಲಿ ಇನ್ನೊಂದು ಸಲ.

ಇದಕ್ಕೆ ತಾಂತ್ರಿಕ ಜ್ಞಾನ ಬೇಕಿಲ್ಲ. ನೀವು ತಾರಸಿ ಹತ್ತಿ ಏನನ್ನೂ ಮುಟ್ಟಲೂ ಬೇಡಿ, ಅದು ಪರವಾನಗಿ ಇದ್ದವರ ಕೆಲಸ. ಕಾಗದದಲ್ಲಿ ಬರೆದು ಕೊಡಿ ಅಂತ ಕೇಳಿದರೆ ಸಾಕು. ಬರೆದು ಕೊಟ್ಟವರು ಬಹುತೇಕ ಮಾಡಿಯೂ ಕೊಡುತ್ತಾರೆ. ಇದನ್ನು ಕಳಿಸಿದ ಮೇಲೆ ಕೆಲವು ಗುತ್ತಿಗೆಯವರು ಮತ್ತೆ ಫೋನ್ ಎತ್ತಲಿಲ್ಲವಂತೆ. ಅದೂ ಒಂದು ಪರೀಕ್ಷೆಯ ಫಲಿತಾಂಶವೇ.

ಪರೀಕ್ಷೆಯ ಆ ಹಾಳೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಇನ್ವರ್ಟರ್ ಪಕ್ಕದಲ್ಲೇ ನೇತುಹಾಕಿ. ಇನ್ನು ಮೇಲೆ ಯಾರಾದರೂ "ನಮ್ಮನೆ ಬಿಲ್ ಸೊನ್ನೆ ಬಂತು" ಅಂತ ಹೇಳಿಕೊಂಡರೆ ಸಂತೋಷಪಡಿ, ಕಾಫಿ ಕೊಟ್ಟರೆ ಕುಡಿಯಿರಿ, ಹೊರಡುವ ಮುಂಚೆ ಒಂದು ಮಾತು ಕೇಳಿ: "ಓಮ್ ಎಷ್ಟು ಬಂತು?"